ಹೊರ್ಮುಜ್‌ನಿಂದ ಹಾವೇರಿಗೆ ಎಷ್ಟು ದೂರ?

ಎಲ್ಲೋ ಕ್ಷಿಪಣಿ ಹಾರಿದರೆ ಇಲ್ಲಿ ಸೊಸೈಟಿಯ ಮುಂದೆ ಪಾಳಿ ಬೆಳೆಯುತ್ತದೆ. ಗೊಬ್ಬರದ ಚೀಲ, ಡೀಸೆಲ್ ಕ್ಯಾನು, ಸರಿರಾತ್ರಿಯ ಕರೆಂಟು: ರೈತ ಹೊರಗಿನಿಂದ ತರುವ ಒಂದೊಂದಕ್ಕೂ ಕಡಲಾಚೆ ಕೊಂಡಿ. ಆ ಕೊಂಡಿ ಸಡಿಲಿಸುವ ಕೆಲಸ ಕುಂದಗೋಳದ ಗಿರಣಿಯಲ್ಲಿ, ಗೌರಿಬಿದನೂರಿನ ಬಯಲಿನಲ್ಲಿ, ಹೊಲದ ಬದುವಿನಲ್ಲಿ ಸದ್ದಿಲ್ಲದೆ ಶುರುವಾಗಿದೆ. ಸೂರ್ಯ ಪಥ ಬದಲಿಸುವ ಸಂಕ್ರಾಂತಿಯ ಹೊತ್ತಿಗೆ ಒಂದು ಲೆಕ್ಕ.

ಬೆಳಗಿನ ಐದೂವರೆ. 2025ರ ಜುಲೈ. ಜಿಟಿಜಿಟಿ ಮಳೆ. ಹಾವೇರಿ ಜಿಲ್ಲೆಯ ಒಂದು ಊರಿನ ಸೊಸೈಟಿಯ ಮುಂದೆ ಮನುಷ್ಯರಿಗಿಂತ ಚಪ್ಪಲಿಗಳೇ ಹೆಚ್ಚು.

ಹವಾಯಿ ಚಪ್ಪಲಿ, ಹೊಲಿಗೆ ಬಿಟ್ಟ ಚರ್ಮದ ಚಪ್ಪಲಿ, ಒಂದು ಜೊತೆ ಹೆಂಗಸರ ಚಪ್ಪಲಿ. ನಡುನಡುವೆ ಕಲ್ಲಿನಡಿ ಸಿಕ್ಕಿಸಿದ ಪ್ಲಾಸ್ಟಿಕ್ ಚೀಲ, ಅದರೊಳಗೆ ಆಧಾರ್ ಝೆರಾಕ್ಸು. ಶಟರ್‌ನಿಂದ ಶುರುವಾದ ಸಾಲು ಬೇವಿನ ಮರ ಸುತ್ತಿ ರಸ್ತೆಗೆ ಇಳಿದಿತ್ತು.

‘ಮನುಷ್ಯಾರು ಚಾ ಕುಡಿಯಾಕ ಹೋಗ್ಯಾರ್ರೀ, ಪಾಳಿ ಮಾತ್ರ ಇಲ್ಲೇ ಐತಿ’ ಎಂದರು ಗೋಣಿಚೀಲ ತಲೆಗೆ ಹೊದ್ದು ಕಟ್ಟೆಯ ಮೇಲೆ ಕೂತಿದ್ದ ಹಿರಿಯರು. ಅವರದು ನಾಲ್ಕು ಎಕರೆ ಗೋವಿನಜೋಳ. ಮೊಳಕಾಲೆತ್ತರ ಬಂದಿದೆ. ಮೇಲುಗೊಬ್ಬರ ಕೊಡುವ ಹೊತ್ತು. ಬೇಕಾದದ್ದು ಆರು ಚೀಲ ಯೂರಿಯಾ, ಸಿಗುವುದು ಎರಡು. ಅದೂ ಹೆಬ್ಬೆಟ್ಟು ಒತ್ತುವ ಮಷಿನ್ನು ಒದ್ದೆ ಬೆರಳನ್ನು ಗುರುತಿಸಿದರೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಕೇಳಿದರು: ‘ಯುದ್ಧ ನಡದೈತಂತ, ಅದಕ್ಕ ಗೊಬ್ಬರ ಇಲ್ಲಂತ. ಆ ಯುದ್ಧ ಎಲ್ಲಿ ನಡದೈತ್ರಿ?’

ಅವರ ಪ್ರಶ್ನೆಗೆ ಒಂದು ಊರಿನ ಹೆಸರು ಹೇಳಿ ಮುಗಿಸುವ ಹಾಗಿರಲಿಲ್ಲ.

ಚೀಲದೊಳಗಿನ ಕಡಲು

ಯೂರಿಯಾ ಎಂದರೆ ಬಿಳಿ ಹರಳಾಗಿ ಬಂದ ಗ್ಯಾಸು. ನಾವು ಉಸಿರಾಡುವ ಗಾಳಿಯಲ್ಲಿ ಶೇ 78ರಷ್ಟು ಸಾರಜನಕವಿದೆ. ಆದರೆ ಪೈರು ಅದನ್ನು ನೇರವಾಗಿ ಹೀರಲಾರದು. ಆ ಸಾರಜನಕಕ್ಕೆ ಜಲಜನಕ ಬೆಸೆದು ಅಮೋನಿಯ ಮಾಡಬೇಕು, ಅಮೋನಿಯದಿಂದ ಯೂರಿಯಾ. ಆ ಜಲಜನಕ ನಮ್ಮ ಕಾರ್ಖಾನೆಗಳಿಗೆ ಸಿಗುವುದು ನೈಸರ್ಗಿಕ ಅನಿಲದಿಂದ. ಆ ಅನಿಲದ ಬಹುಪಾಲು ಹಡಗಿನಲ್ಲಿ ಬರುತ್ತದೆ.

ಹಡಗು ಬರುವ ದಾರಿಯಲ್ಲೇ ಹೊರ್ಮುಜ್ ಜಲಸಂಧಿ ಇದೆ. ಇರಾನ್ ಮತ್ತು ಒಮಾನ್ ನಡುವಿನ ಈ ಕಡಲ ಕಂಠ ತೀರಾ ಕಿರಿದಾದ ಕಡೆ ಸುಮಾರು 33 ಕಿ.ಮೀ. ಅಗಲ. ಜಗತ್ತು ಬಳಸುವ ತೈಲದ ಐದರಲ್ಲೊಂದು ಪಾಲು ಇಲ್ಲಿಂದಲೇ ಹಾಯುತ್ತದೆ. ಕತಾರ್‌ನ ದ್ರವೀಕೃತ ಅನಿಲಕ್ಕೆ ಹೊರಬರಲು ಬೇರೆ ಕಡಲದಾರಿ ಇಲ್ಲ. ಕಡಲ ಮೇಲೆ ವ್ಯಾಪಾರವಾಗುವ ಯೂರಿಯಾದಲ್ಲೂ ಸುಮಾರು ಮೂರನೇ ಒಂದು ಪಾಲು ಈ ದಾರಿಯಲ್ಲೇ ಬರುತ್ತದೆ.

ಹೊರ್ಮುಜ್‌ನಿಂದ ಹಾವೇರಿಗೆ ಭೂಪಟದ ಮೇಲೆ ನೇರ ಗೆರೆ ಎಳೆದರೆ ಎರಡು ಸಾವಿರ ಕಿ.ಮೀ.ಗೂ ಹೆಚ್ಚು. ಆದರೆ ಗೊಬ್ಬರದ ಲೆಕ್ಕದಲ್ಲಿ ಎರಡೂ ಅಕ್ಕಪಕ್ಕದ ಊರುಗಳು.

2025ರ ಜೂನ್ 13ರಂದು ಇಸ್ರೇಲ್–ಇರಾನ್ ಕದನ ಶುರುವಾಯಿತು. ಇಸ್ರೇಲ್ ತನ್ನ ಕಡಲಿನ ಅನಿಲ ಬಾವಿ ಮುಚ್ಚಿತು. ಆ ಅನಿಲ ನಂಬಿಕೊಂಡಿದ್ದ ಈಜಿಪ್ಟ್‌ನ ಯೂರಿಯಾ ಕಾರ್ಖಾನೆಗಳು ನಿಂತವು. ಜಾಗತಿಕ ದರ ಜಿಗಿಯಿತು. ಅತ್ತ ಚೀನಾ ತನ್ನ ಗೊಬ್ಬರದ ರಫ್ತಿಗೆ ಮೊದಲೇ ಕಡಿವಾಣ ಹಾಕಿತ್ತು. ಇತ್ತ ನಮ್ಮಲ್ಲಿ ಮುಂಗಾರು ಮುಂಚೆಯೇ ಕಾಲಿಟ್ಟು, ಗೋವಿನಜೋಳದ ಬಿತ್ತನೆ ಹಿಗ್ಗಿ, ಎಲ್ಲರಿಗೂ ಒಟ್ಟಿಗೇ ಯೂರಿಯಾ ಬೇಕಾಯಿತು. ಕೊಪ್ಪಳದಲ್ಲಿ ರೈತರೊಬ್ಬರು ಗೊಬ್ಬರ ಸಿಗದ ಸಿಟ್ಟಿಗೆ ಮಣ್ಣು ಬಾಯಿಗೆ ಹಾಕಿಕೊಂಡ ವಿಡಿಯೊ ಊರೂರು ಸುತ್ತಿತು.

ಕರ್ನಾಟಕದ ಏಕೈಕ ಯೂರಿಯಾ ಕಾರ್ಖಾನೆ ಮಂಗಳೂರಿನ ಪಣಂಬೂರಿನಲ್ಲಿದೆ. ಬಹುಕಾಲ ಅದು ನಡೆದದ್ದು ಕಚ್ಚಾ ತೈಲದಿಂದ ಬರುವ ನಾಫ್ತಾದ ಮೇಲೆ. ಕೊಚ್ಚಿ–ಮಂಗಳೂರು ಅನಿಲ ಕೊಳವೆ ಮಾರ್ಗ ಬಂದ ಮೇಲೆ ಅನಿಲಕ್ಕೆ ಹೊರಳಿತು. ಹೊಗೆ ಕಡಿಮೆಯಾಯಿತು, ಖರ್ಚು ಇಳಿಯಿತು. ಕಡಲಿನ ಹಂಗು ಮಾತ್ರ ಹರಿಯಲಿಲ್ಲ.

■ ಚೀಲದ ಲೆಕ್ಕ

• ಯೂರಿಯಾ: 45 ಕೆ.ಜಿ. ಚೀಲಕ್ಕೆ ರೈತ ಕೊಡುವುದು ₹266.50. ಅಸಲು ಖರ್ಚು ಇದರ ಹಲವು ಪಟ್ಟು. ಇದರಲ್ಲಿ ಸಾರಜನಕ ಶೇ 46.

• ಡಿಎಪಿ: 50 ಕೆ.ಜಿ. ಚೀಲಕ್ಕೆ ₹1,350. ಇದರ ಮೂಲವಾದ ರಂಜಕದ ಕಲ್ಲು ಮೊರಾಕ್ಕೊ, ಜೋರ್ಡಾನ್‌ನಂಥ ದೇಶಗಳಿಂದ ಬರಬೇಕು.

• ಪೊಟ್ಯಾಷ್: ಪೂರ್ತಿ ಆಮದು. ರಷ್ಯಾ, ಬೆಲಾರೂಸ್ ದೊಡ್ಡ ಉತ್ಪಾದಕರು.

• ಉಕ್ರೇನ್ ಯುದ್ಧ ಶುರುವಾದ ಬೆನ್ನಿಗೆ, 2022–23ರಲ್ಲಿ ಕೇಂದ್ರದ ಗೊಬ್ಬರ ಸಬ್ಸಿಡಿ ₹2.5 ಲಕ್ಷ ಕೋಟಿ ದಾಟಿತು.

ಒಂದೇ ಬಸಿರಿನ ಅವಳಿ

ಯುದ್ಧಕ್ಕೂ ಗೊಬ್ಬರಕ್ಕೂ ನಂಟು ಇವತ್ತಿನದಲ್ಲ. ಗಾಳಿಯಿಂದ ಅಮೋನಿಯ ತೆಗೆಯುವುದನ್ನು ಜರ್ಮನಿಯ ಫ್ರಿಟ್ಜ್ ಹೇಬರ್ 1909ರಲ್ಲಿ ಮಾಡಿ ತೋರಿಸಿದರು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಗೆ ಒಗ್ಗಿಸಿದರು. 1913ರಲ್ಲಿ ಓಪಾವ್‌ನಲ್ಲಿ ಮೊದಲ ಘಟಕ ಶುರುವಾಯಿತು. ಮರುವರ್ಷವೇ ಮೊದಲ ಮಹಾಯುದ್ಧ. ಚಿಲಿ ದೇಶದ ಪೆಟ್ಲುಪ್ಪು ಜರ್ಮನಿಗೆ ಬಾರದಂತೆ ಬ್ರಿಟಿಷ್ ನೌಕಾಪಡೆ ಕಡಲು ಕಟ್ಟಿತು. ಹೊಲಕ್ಕೆಂದು ಹುಟ್ಟಿದ ಅಮೋನಿಯ ಮದ್ದುಗುಂಡಿಗೆ ಹೋಯಿತು.

ಅಂದರೆ ಕಡಲು ಕಟ್ಟಿದಾಗ ಜರ್ಮನಿಯ ಕೈಹಿಡಿದ ವಿದ್ಯೆಯ ಫಲವೇ ನಮ್ಮ ಕೈಯಲ್ಲಿರುವ ಚೀಲ. ಇವತ್ತು ಅದೇ ಚೀಲ ಕಡಲನ್ನು ನೆಚ್ಚಿ ಕೂತಿದೆ.

ಹಾವೇರಿಗೆ ಈ ಪಾಠ ರಕ್ತದಲ್ಲಿ ಬರೆದು ಬಂದಿದೆ. 2008ರ ಜೂನ್ 10ರಂದು ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಇಲ್ಲಿ ಗೋಲಿಬಾರ್ ಆಯಿತು. ಇಬ್ಬರು ರೈತರು ಜೀವ ಕಳೆದುಕೊಂಡರು. ಹಂಚಿಕೆಯ ಗೋಜಲು ಇತ್ತು, ರಾಜಕೀಯವೂ ಇತ್ತು. ಆದರೆ ಕಚ್ಚಾ ತೈಲ ಮರುತಿಂಗಳು ಪೀಪಾಯಿಗೆ 147 ಡಾಲರ್ ಮುಟ್ಟುವಷ್ಟು ಏರುತ್ತಿತ್ತು, ಗೊಬ್ಬರದ ಜಾಗತಿಕ ದರವೂ ಹಿಂದೆಂದೂ ಕಾಣದಷ್ಟು ಮೇಲೇರಿತ್ತು ಎಂಬುದನ್ನು ಆಗ ಯಾರೂ ಪಾಳಿಯಲ್ಲಿದ್ದವರಿಗೆ ಬಿಡಿಸಿ ಹೇಳಲಿಲ್ಲ. ಪ್ರತಿ ಜೂನ್ 10 ಬಂದಾಗ ರೈತ ಸಂಘಟನೆಗಳು ಆ ಇಬ್ಬರನ್ನು ನೆನೆಯುತ್ತವೆ. ಅದೇ ತಿಂಗಳು ಚಪ್ಪಲಿಗಳೂ ಪಾಳಿಗೆ ನಿಲ್ಲುತ್ತವೆ.

ಹಸಿರು ಇಂಧನದ ಬಿಳಿ ಬೇರು

ಈ ಸೀಮೆಯ ಕರಿನೆಲದಲ್ಲಿ ಹಿಂದೆ ಒಂದೇ ಹೊಲದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಒಟ್ಟಿಗೆ ಬೆಳೆಯುತ್ತಿದ್ದರು. ಉಳ್ಳಾಗಡ್ಡಿ ಕಿತ್ತ ಮೇಲೆ ಮೆಣಸಿನಕಾಯಿ, ಅದು ಮುಗಿಯುವ ಹೊತ್ತಿಗೆ ಹತ್ತಿ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತಿತ್ತು. ಈಗ ಕಣ್ಣು ಹಾಯಿಸಿದಲ್ಲೆಲ್ಲ ಗೋವಿನಜೋಳ. ಬಿತ್ತುವುದು ಸುಲಭ, ಒಕ್ಕಲು ಮಷಿನ್ನು ಇದೆ, ಕೊಳ್ಳುವವರು ಇದ್ದಾರೆ. ಒಂದೇ ತೊಂದರೆ ಎಂದರೆ ಅದರ ಹಸಿವು. ಯೂರಿಯಾ ಇಲ್ಲದಿದ್ದರೆ ಎಲೆ ಹಳದಿಗೆ ತಿರುಗಿ ನಿಂತುಬಿಡುತ್ತದೆ.

ಕೋಳಿ ಫಾರಂಗಳ ಜೊತೆಗೆ ಈಗ ಗೋವಿನಜೋಳಕ್ಕೆ ಇನ್ನೊಬ್ಬ ದೊಡ್ಡ ಗಿರಾಕಿ ಎಥೆನಾಲ್. ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ತೈಲದ ಆಮದು ತಗ್ಗಿಸಲು, ಗಾಳಿ ತಿಳಿಯಾಗಿಸಲು ಇದು ದಾರಿ ಎನ್ನುತ್ತಾರೆ. ಹೊಲದ ಬದುವಿನಲ್ಲಿ ನಿಂತು ನೋಡಿದರೆ ಲೆಕ್ಕ ಬೇರೆ. ಟ್ಯಾಂಕಿಗೆ ಹೋಗುವ ಹಸಿರು ಇಂಧನದ ಬೇರಿನಲ್ಲಿ ಇರುವುದು ಆಮದು ಅನಿಲದಿಂದ ಮಾಡಿದ ಬಿಳಿ ಹರಳು. ತೈಲವನ್ನು ಮುಂಬಾಗಿಲಿನಿಂದ ಕಳಿಸಿ ಅನಿಲವನ್ನು ಹಿತ್ತಲಿನಿಂದ ಕರೆದಂತೆ.

ಇಷ್ಟು ಮಾಡಿಯೂ ರೈತನಿಗೆ ಸಿಕ್ಕಿದ್ದೇನು? 2025–26ರಲ್ಲಿ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ ₹2,400 ಇತ್ತು. 2025ರ ನವೆಂಬರ್‌ನಲ್ಲಿ ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗಿಳಿದು, ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ರೈತರು ಧರಣಿ ಕೂತರು. ಜುಲೈನಲ್ಲಿ ಗೊಬ್ಬರಕ್ಕೆ ಪಾಳಿ, ನವೆಂಬರ್‌ನಲ್ಲಿ ದರಕ್ಕೆ ಧರಣಿ.

ತೈಲದ ಏಟಿಗೆ ಹುಟ್ಟಿದ ಒಲೆ

ದೂರದ ಜಗಳ ನಮ್ಮ ಅಡುಗೆಮನೆಗೆ ನುಗ್ಗಿದ್ದು ಇದೇ ಮೊದಲಲ್ಲ. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲಕ್ಕೆ ದಿಗ್ಬಂಧನ ಹಾಕಿದಾಗ ಸೀಮೆಎಣ್ಣೆಯಿಂದ ಹಿಡಿದು ಎಲ್ಲದರ ಬೆಲೆ ಏರಿತು. ಮರುವರ್ಷ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರು ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ಹಳ್ಳಿಗೆ ಬೇಕಾದ ವಿಜ್ಞಾನವನ್ನು ಹಳ್ಳಿಯಲ್ಲೇ ಕೂತು ಮಾಡುವುದು ಅದರ ಉದ್ದೇಶ.

‘ಅಸ್ತ್ರ ಒಲೆ’ ಎಂದರೆ ಈಗಲೂ ನಮ್ಮ ಅಜ್ಜಿಯರಿಗೆ ಗೊತ್ತು. ಕಡಿಮೆ ಸೌದೆ, ಹೊಗೆ ಹೊರಕ್ಕೆ. ಆ ಒಲೆಯ ಹುಟ್ಟೂರು ಇದೇ ಕೇಂದ್ರ. ಮುಂದೆ ಇದೇ ಕೇಂದ್ರ ‘ಸುಸ್ಥಿರ ತಂತ್ರಜ್ಞಾನ ಕೇಂದ್ರ’ವಾಯಿತು. ಸುಸ್ಥಿರ ಎಂಬ ಮಾತು ಭಾಷಣಗಳಲ್ಲಿ ಸವೆಯುವ ಮೊದಲೇ ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಅದರ ಪ್ರಯೋಗ ನಡೆದಿತ್ತು.

■ ಪುರದ ಸಗಣಿ ದೀಪ

• ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಊರು. 1987ರಿಂದ ಸುಮಾರು ಒಂದು ದಶಕ ಇಲ್ಲಿ ಊರೊಟ್ಟಿನ ಗೋಬರ್ ಗ್ಯಾಸ್ ಘಟಕ ನಡೆಯಿತು.

• ಮನೆಮನೆಯವರು ಸಗಣಿ ತಂದು ತೂಗಿ ಹಾಕುತ್ತಿದ್ದರು. ಆ ಗ್ಯಾಸಿನಿಂದ ಎಂಜಿನ್ ನಡೆದು ಮನೆಗೆ ದೀಪ, ನಲ್ಲಿಗೆ ನೀರು.

• ಗ್ಯಾಸು ತೆಗೆದ ಬಗ್ಗಡವನ್ನು ಸಗಣಿ ಕೊಟ್ಟವರಿಗೇ ವಾಪಸು ಕೊಡುತ್ತಿದ್ದರು. ಬೆಳಕು ಕೊಟ್ಟ ಮೇಲೂ ಸಗಣಿ ಗೊಬ್ಬರವಾಗಿಯೇ ಉಳಿಯಿತು.

ರಾತ್ರಿಯ ಮೋಟ್ರು, ಹಗಲಿನ ಸೂರ್ಯ

ರೈತನ ಇನ್ನೊಂದು ಪಾಳಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ರಾತ್ರಿಯದು.

ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೋ ಆಗಲೇ ಮೋಟ್ರು ಆನ್ ಮಾಡಬೇಕು. ಒಂದು ವಾರ ಹಗಲಾದರೆ ಇನ್ನೊಂದು ವಾರ ರಾತ್ರಿ. ಟಾರ್ಚು ಹಿಡಿದು, ಬದುವಿನ ಮೇಲೆ ಹಾವಿಗೆ ಹೆದರುತ್ತ, ಕೆಲವು ಸೀಮೆಗಳಲ್ಲಿ ಚಿರತೆಗೂ ಹೆದರುತ್ತ, ಸ್ಟಾರ್ಟರ್ ಪೆಟ್ಟಿಗೆಯವರೆಗೆ ನಡೆಯಬೇಕು. ಅಷ್ಟರಲ್ಲಿ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿದ್ದರೆ ಆ ರಾತ್ರಿಯೂ ಹೋಯಿತು, ಆ ವಾರವೂ ಹೋಯಿತು.

ರಾಜ್ಯದಲ್ಲಿ 34 ಲಕ್ಷದಷ್ಟು ಕೃಷಿ ಪಂಪ್‌ಸೆಟ್‌ಗಳಿವೆ. 10 ಎಚ್‌ಪಿವರೆಗೆ ಕರೆಂಟು ಉಚಿತ. ಉಚಿತ ನಿಜ, ಆದರೆ ಹೊತ್ತಿಗೆ ಸಿಗುವುದಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದ 2023ರಲ್ಲಿ ಜಲಾಶಯಗಳು ಬರಿದಾಗಿ, ಏಳು ಗಂಟೆಯ ಕರೆಂಟು ಐದಕ್ಕೆ ಇಳಿದು ರೈತರು ಸಬ್‌ಸ್ಟೇಷನ್‌ಗಳಿಗೆ ಮುತ್ತಿಗೆ ಹಾಕಿದ್ದು ನೆನಪಿರಬಹುದು.

ಈ ರಾತ್ರಿ ಪಾಳಿಯನ್ನು ಹಗಲಿಗೆ ತರುವ ಯೋಜನೆಯೇ ‘ಕುಸುಮ್’. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು ತಂದಿತು. 2025ರ ಜೂನ್‌ನಲ್ಲಿ ಇದರ ‘ಸಿ’ ಭಾಗಕ್ಕೆ ರಾಜ್ಯ ಸರ್ಕಾರ ಗೌರಿಬಿದನೂರು ತಾಲ್ಲೂಕಿನಲ್ಲಿ ಚಾಲನೆ ಕೊಟ್ಟಿತು. ಸಬ್‌ಸ್ಟೇಷನ್ ಪಕ್ಕದ ಬಯಲಿನಲ್ಲಿ ಸೌರಫಲಕ, ಅಲ್ಲಿಂದ ಪಂಪ್‌ಸೆಟ್‌ಗಳ ಫೀಡರಿಗೆ ನೇರ ಕರೆಂಟು. ರೈತ ತನ್ನ ಹೊಲದಲ್ಲಿ ಏನನ್ನೂ ನಿಲ್ಲಿಸಬೇಕಿಲ್ಲ. ಬಿಸಿಲು ಬಂದಾಗ ಮೋಟ್ರು ತಿರುಗುತ್ತದೆ, ಕತ್ತಲಾದ ಮೇಲೆ ಮನೆಯಲ್ಲಿ ಮಲಗಬಹುದು.

ಇದರ ಹಿಂದೆ ದೊಡ್ಡ ಅನುಭವವೂ ಇದೆ. ಪಾವಗಡದ ಸೋಲಾರ್ ಪಾರ್ಕು ಸುಮಾರು 13 ಸಾವಿರ ಎಕರೆಯಲ್ಲಿ ಹರಡಿದ 2,050 ಮೆಗಾವಾಟ್ ಸಾಮರ್ಥ್ಯದ ಯೋಜನೆ. ಸರ್ಕಾರ ಅಲ್ಲಿ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ ₹21,000. ಪಹಣಿ ರೈತನ ಹೆಸರಿನಲ್ಲೇ ಉಳಿಯಿತು. ಬರ ಬಿಟ್ಟು ಬೇರೆ ಕಾಣದ ತಿರುಮಣಿ, ವಳ್ಳೂರು ಸೀಮೆಗೆ ಇದು ಆಸರೆ. ಆದರೆ ಪಹಣಿಯೇ ಇಲ್ಲದ ಕೂಲಿಯವರಿಗೆ, ಕುರಿ ಮೇಯಿಸುವವರಿಗೆ ಗುತ್ತಿಗೆಯ ದುಡ್ಡಿನಲ್ಲಿ ಪಾಲಿಲ್ಲ. ಬೇಲಿಯ ಆಚೆ ಹುಲ್ಲು ಕಾಣುತ್ತದೆ, ಕುರಿ ಒಳಗೆ ಹೋಗುವ ಹಾಗಿಲ್ಲ. ಗದಗದ ಗುಡ್ಡಗಳ ಮೇಲೆ ಜನ ‘ಫ್ಯಾನು’ ಎಂದು ಕರೆಯುವ ಗಾಳಿಯಂತ್ರಗಳ ಕೆಳಗೂ ಇದೇ ಪ್ರಶ್ನೆ: ಬೆಳಕು ಯಾರದು, ಬೆಲೆ ಯಾರಿಗೆ?

ಇನ್ನೊಂದು ಆಕ್ಷೇಪವೂ ನ್ಯಾಯವೇ. ಫಲಕಗಳು ಬರುವುದು ಎಲ್ಲಿಂದ? ಸೌರಫಲಕ ತಯಾರಿಯ ಪ್ರತಿ ಹಂತದಲ್ಲೂ ಜಗತ್ತಿನ ಶೇ 80ಕ್ಕೂ ಹೆಚ್ಚು ಪಾಲು ಚೀನಾದ ಕೈಯಲ್ಲಿದೆ. ಹೊರ್ಮುಜ್ ತಪ್ಪಿಸಿ ಶಾಂಘೈಗೆ ಕೈಯೊಡ್ಡಿದಂತಲ್ಲವೇ?

ಒಂದು ವ್ಯತ್ಯಾಸವಿದೆ. ಅನಿಲದ ಹಡಗು ಈ ತಿಂಗಳು ಬಾರದಿದ್ದರೆ ಮುಂದಿನ ತಿಂಗಳು ಚೀಲ ಇಲ್ಲ. ಫಲಕ ಒಮ್ಮೆ ನೆಟ್ಟರೆ ಸುಮಾರು 25 ವರ್ಷ ಅಲ್ಲೇ ಕೂತಿರುತ್ತದೆ. ಕಳಿಸಿದವನು ಮುನಿಸಿಕೊಂಡರೂ ಬಿಸಿಲು ಮುನಿಸಿಕೊಳ್ಳುವುದಿಲ್ಲ. ದಿನಸಿ ಅಂಗಡಿಯ ಸಾಲಕ್ಕೂ ಒಮ್ಮೆ ಕೊಂಡ ಎಮ್ಮೆಗೂ ಇರುವ ವ್ಯತ್ಯಾಸ ಇದು. ಎಮ್ಮೆ ತಂದ ಸಂತೆ ಮುಚ್ಚಿದರೂ ಹಾಲು ನಿಲ್ಲುವುದಿಲ್ಲ.

■ ಕುಸುಮ್ ಎಂದರೆ…

• ಎ: ರೈತರು ಅಥವಾ ಅವರ ಸಂಘಗಳು ಬಂಜರು ಜಮೀನಿನಲ್ಲಿ ಚಿಕ್ಕ ಸೌರ ಘಟಕ ಹಾಕಿ ಕರೆಂಟು ಮಾರುವುದು.

• ಬಿ: ವಿದ್ಯುತ್ ಲೈನಿನ ಹಂಗಿಲ್ಲದ ಸೌರ ಪಂಪು. ಕರ್ನಾಟಕದಲ್ಲಿ ರಾಜ್ಯದ ಪಾಲು ಶೇ 50, ಕೇಂದ್ರದ್ದು ಶೇ 30, ರೈತನದು ಶೇ 20.

• ಸಿ: ಲೈನಿನಲ್ಲಿರುವ ಪಂಪ್‌ಸೆಟ್‌ಗಳಿಗೆ, ಫೀಡರ್‌ಗಳಿಗೆ ಸೌರಶಕ್ತಿ.

• 2025ರ ಮಧ್ಯದ ಹೊತ್ತಿಗೆ ದೇಶದ ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ತೈಲ, ಅನಿಲದ ಹೊರಗಿನದು. ಗುರಿ ಇದ್ದದ್ದು 2030ಕ್ಕೆ. ಆದರೆ ನಿಜವಾಗಿ ತಯಾರಾಗುವ ಕರೆಂಟಿನಲ್ಲಿ ದೊಡ್ಡ ಪಾಲು ಈಗಲೂ ಕಲ್ಲಿದ್ದಲಿನದೇ.

ನೆರೆಯವರು ಕಲಿಸಿದ್ದು

ಅವಸರ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಶ್ರೀಲಂಕಾ ಇದೆ. ಅಧ್ಯಕ್ಷ ಗೊಟಬಯ ರಾಜಪಕ್ಸ 2021ರ ಏಪ್ರಿಲ್ ಕೊನೆಗೆ ರಾಸಾಯನಿಕ ಗೊಬ್ಬರದ ಆಮದನ್ನು ಒಂದೇ ಏಟಿಗೆ ನಿಷೇಧಿಸಿದರು. ಹೆಸರು ಸಾವಯವದ್ದು. ಖಜಾನೆಯಲ್ಲಿ ಡಾಲರ್ ಕರಗುತ್ತಿದ್ದುದೂ ಕಾರಣವೇ. ಮಣ್ಣಿಗೆ ಅಭ್ಯಾಸವಾಗಲು ಸಮಯ ಸಿಗಲಿಲ್ಲ, ಬದಲಿ ಗೊಬ್ಬರ ತಯಾರಿರಲಿಲ್ಲ. ಭತ್ತದ ಇಳುವರಿ ನೆಲಕಚ್ಚಿತು, ಚಹಾ ತೋಟಗಳು ಸೊರಗಿದವು. ನವೆಂಬರ್‌ಗೆ ನಿಷೇಧ ವಾಪಸಾಯಿತು. ಮರುವರ್ಷದ ಜುಲೈನಲ್ಲಿ ಅಧ್ಯಕ್ಷರೇ ದೇಶ ಬಿಟ್ಟರು. ಮಣ್ಣಿಗೆ ಸುಗ್ರೀವಾಜ್ಞೆ ಅರ್ಥವಾಗುವುದಿಲ್ಲ.

ಪಾಕಿಸ್ತಾನದ ಕತೆ ಇನ್ನೊಂದು ಬಗೆ. 2022ರಲ್ಲಿ ಉಕ್ರೇನ್ ಯುದ್ಧದಿಂದ ಅನಿಲ ತುಟ್ಟಿಯಾಗಿ, ಯುರೋಪಿನವರು ಹೆಚ್ಚು ಹಣ ಕೊಟ್ಟು ಹಡಗುಗಳನ್ನು ತಮ್ಮತ್ತ ತಿರುಗಿಸಿಕೊಂಡರು. ಪಾಕಿಸ್ತಾನ ಕತ್ತಲಲ್ಲಿ ಕೂತಿತು, ಕರೆಂಟ್ ಬಿಲ್ಲು ಗಗನಕ್ಕೇರಿತು. ಜನ ಸರ್ಕಾರಕ್ಕೆ ಕಾಯಲಿಲ್ಲ. 2024 ಒಂದೇ ವರ್ಷದಲ್ಲಿ ಸುಮಾರು 17 ಗಿಗಾವಾಟ್‌ನಷ್ಟು ಚೀನಾ ಫಲಕಗಳು ಅಲ್ಲಿ ಇಳಿದವು. ಮನೆಯ ಮೇಲೆ, ಕಾರ್ಖಾನೆಯ ಮೇಲೆ, ಕೊಳವೆಬಾವಿಯ ಪಕ್ಕ. ರೈತರ ಡೀಸೆಲ್ ಖರ್ಚು ಉಳಿಯಿತು. ಜೊತೆಗೆ ಹೊಸ ಚಿಂತೆ ಹುಟ್ಟಿತು: ಬಿಟ್ಟಿ ಬಿಸಿಲಿನಲ್ಲಿ ಪಂಪು ದಿನವಿಡೀ ತಿರುಗಿದರೆ ನೆಲದಡಿಯ ನೀರು ಎಷ್ಟು ದಿನ?

ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕೊಳವೆಬಾವಿ ಕೊರೆಸಿ ಸೋತವರಿಗೆ ಈ ಪ್ರಶ್ನೆ ಹೊಸದಲ್ಲ. ಇದಕ್ಕೊಂದು ಉತ್ತರ ಗುಜರಾತಿನ ಖೇಡಾ ಜಿಲ್ಲೆಯ ಧುಂಡಿಯಲ್ಲಿದೆ. 2016ರಲ್ಲಿ ಅಲ್ಲಿನ ಬೆರಳೆಣಿಕೆಯ ರೈತರು ಸೌರ ಪಂಪುಗಳ ಸಹಕಾರ ಸಂಘ ಕಟ್ಟಿದರು. ಬೇಕಾದಷ್ಟು ನೀರೆತ್ತಿ ಉಳಿದ ಕರೆಂಟನ್ನು ಲೈನಿಗೆ ಮಾರಿದರು. ನೀರು ಎತ್ತದಿದ್ದರೆ ದುಡ್ಡು ಬರುತ್ತದೆ ಎಂದಾಗ ಪಂಪು ತಾನೇ ಹಿಡಿತಕ್ಕೆ ಬರುತ್ತದೆ. ನಮ್ಮ ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲೂ ‘ಸೂರ್ಯ ರೈತ’ ಹೆಸರಿನಲ್ಲಿ ಇದೇ ಯೋಚನೆಯ ಪ್ರಯೋಗ ನಡೆದಿದೆ. ಕರೆಂಟೂ ಒಂದು ಬೆಳೆ ಎಂಬ ಲೆಕ್ಕ.

ತೀರ್ಥದ ಗಿರಣಿ

ಗೊಬ್ಬರದ ಗಂಟು, ಕರೆಂಟಿನ ಗಂಟು ಎರಡೂ ಒಂದೇ ಕಡೆ ಬಿಚ್ಚಿಕೊಳ್ಳುತ್ತಿರುವ ಜಾಗ ಹಾವೇರಿಯ ಮಗ್ಗುಲಲ್ಲೇ ಇದೆ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ 2025ರಲ್ಲಿ ‘ಈಕ್ವೇಟರ್ ಪ್ರಶಸ್ತಿ’ ಕೊಟ್ಟಿತು. ಆ ಹೆಣ್ಣುಮಕ್ಕಳು ಮಾಡಿದ್ದು ಕೇಳಲು ಸರಳ. ಕೈಬಿಟ್ಟಿದ್ದ ಸಾವಿ, ನವಣಿಯ ಬೀಜ ಹುಡುಕಿ ಬೀಜ ಬ್ಯಾಂಕ್ ಮಾಡಿದರು. ಮಿಶ್ರ ಬೆಳೆಯನ್ನು ಮತ್ತೆ ಹೊಲಕ್ಕೆ ತಂದರು. ಕಾಳು ಸಂಸ್ಕರಿಸಲು ಸೌರಶಕ್ತಿಯ ಗಿರಣಿ ಹಾಕಿದರು.

ಆ ಗಿರಣಿಯ ಬೆಲೆ ಗೊತ್ತಾಗಬೇಕಾದರೆ ಸಾವಿಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಸಾಸಿವೆಗಿಂತ ತುಸು ದೊಡ್ಡ ಕಾಳು. ಮೈತುಂಬ ಬಿಗಿಯಾದ ಸಿಪ್ಪೆ. ಜೋಳವನ್ನು ಒಕ್ಕಿ ನೇರ ಬೀಸಬಹುದು, ಸಾವಿಯನ್ನು ಮೊದಲು ಕುಟ್ಟಬೇಕು, ಕೇರಬೇಕು, ಮತ್ತೆ ಕುಟ್ಟಬೇಕು. ಒಂದು ಹೊತ್ತಿನ ಅನ್ನಕ್ಕೆ ಅರ್ಧ ದಿನದ ಒನಕೆ. ಸಿರಿಧಾನ್ಯ ಹೊಲದಿಂದ ಮರೆಯಾಗಲು ಪಡಿತರದ ಅಕ್ಕಿ ಒಂದು ಕಾರಣವಾದರೆ, ಹೆಣ್ಣುಮಕ್ಕಳ ರಟ್ಟೆ ಸೋತದ್ದು ಇನ್ನೊಂದು. 2023ನ್ನು ‘ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ’ ಎಂದು ಸಾರಿದಾಗಲೂ ಈ ಒನಕೆಯ ಮಾತು ವೇದಿಕೆಗೆ ಬಂದದ್ದು ಕಡಿಮೆ.

ಸಿಪ್ಪೆ ಬಿಡಿಸುವ ಮಷಿನ್ನು ಊರಲ್ಲೇ ಇದ್ದರೆ, ಅದು ಬಿಸಿಲಿನಲ್ಲಿ ತಿರುಗಿದರೆ, ಸಾವಿ ಮತ್ತೆ ಬಿತ್ತುವ ಬೆಳೆಯಾಗುತ್ತದೆ. ಸಾವಿಗೆ ಗೋವಿನಜೋಳದಷ್ಟು ಯೂರಿಯಾ ಬೇಡ. ಮಗ್ಗುಲ ಸಾಲಿನಲ್ಲಿ ತೊಗರಿ, ಅಲಸಂದಿ ಇದ್ದರೆ ಅವು ಗಾಳಿಯ ಸಾರಜನಕವನ್ನು ಬೇರಿನ ಗಂಟಿನಲ್ಲಿ ಕಟ್ಟಿಡುತ್ತವೆ. ಓಪಾವ್‌ನ ಕಾರ್ಖಾನೆ ಉರಿ, ಒತ್ತಡ ಹಾಕಿ ಮಾಡುವ ಕೆಲಸವನ್ನು ಆ ಗಂಟಿನೊಳಗಿನ ಸೂಕ್ಷ್ಮಜೀವಿ ತಣ್ಣಗೆ, ನೆಲದಡಿ ಮಾಡುತ್ತದೆ. ಅದಕ್ಕೆ ಕೊಳವೆ ಮಾರ್ಗ ಬೇಡ, ಜಲಸಂಧಿ ಬೇಡ.

ಪಕ್ಕದ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸಾವಯವ ಕೃಷಿಗೆಂದೇ ಒಂದು ಸಂಸ್ಥೆಯಿದೆ. ಜ್ಞಾನಕ್ಕೆ ಇಲ್ಲಿ ಬರವಿಲ್ಲ. ಸೊಸೈಟಿಯಲ್ಲಿ ಯೂರಿಯಾ ಚೀಲಕ್ಕೆ ಸಿಗುವ ಸಬ್ಸಿಡಿಯ ಒಂದು ಪಾಲಾದರೂ ಬದುವಿನ ಗೊಬ್ಬರಕ್ಕೆ, ದ್ವಿದಳ ಬೆಳೆಗೆ ಸಿಕ್ಕರೆ ಲೆಕ್ಕ ಬದಲಾಗುತ್ತದೆ.

■ ಬದುವಿನ ಮೇಲೆ ಬೆಳೆಯುವ ಗೊಬ್ಬರ

• ಗ್ಲಿರಿಸಿಡಿಯ, ಹೊಂಗೆ: ಬದುವಿನಲ್ಲಿ ನೆಟ್ಟು ಸೊಪ್ಪು ಕಡಿದು ಹೊಲಕ್ಕೆ ಹಾಕಲು.

• ಸೆಣಬು, ಡಯಾಂಚ: ಬಿತ್ತಿ, ಹೂ ಬಿಡುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸುವ ಹಸಿರೆಲೆ ಗೊಬ್ಬರ.

• ಜೀವಾಮೃತ: 200 ಲೀಟರ್ ನೀರು, 10 ಕೆ.ಜಿ. ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಹಿಟ್ಟು, ಒಂದು ಹಿಡಿ ಹೊಲದ ಮಣ್ಣು.

• ಕಡಲೆ, ತೊಗರಿ, ಹೆಸರು: ತಾವೂ ಉಂಡು ನೆಲಕ್ಕೂ ಉಣಿಸುವ ಬೆಳೆ.

ಸುಲಗಾಯಿ ಹೊಲದಲ್ಲಿ

ಅಮೆರಿಕ ಪ್ಯಾರಿಸ್ ಹವಾಮಾನ ಒಪ್ಪಂದದಿಂದ ಹೊರಗೆ ಕಾಲಿಡುವ ಆದೇಶಕ್ಕೆ 2025ರ ಜನವರಿ 20ರಂದು ಸಹಿ ಬಿತ್ತು. ನವೆಂಬರ್‌ನಲ್ಲಿ ಬ್ರೆಜಿಲ್‌ನ ಬೆಲೆಮ್‌ನಲ್ಲಿ ನಡೆದ ಹವಾಮಾನ ಸಮ್ಮೇಳನಕ್ಕೆ ಅದು ಅಧಿಕೃತ ನಿಯೋಗವನ್ನೂ ಕಳಿಸಲಿಲ್ಲ. ದೊಡ್ಡವರು ಒಪ್ಪಂದಕ್ಕೆ ಬರುವವರೆಗೆ ಕಾದು ಕೂತರೆ ಮುಂಗಾರು ಕಾಯುವುದಿಲ್ಲ.

ಸಂಕ್ರಾಂತಿಯ ಮುನ್ನಾ ವಾರ ಮತ್ತೆ ಆ ಊರಿಗೆ ಹೋಗಿದ್ದೆ. ಜುಲೈನಲ್ಲಿ ಕಟ್ಟೆಯ ಮೇಲೆ ಕೂತಿದ್ದ ಹಿರಿಯರು ಹೊಲದಲ್ಲಿದ್ದರು. ಗೋವಿನಜೋಳ ಮುರಿದ ಮೇಲೆ ಎರಡು ಎಕರೆಗೆ ಕಡಲೆ ಬಿತ್ತಿದ್ದಾರೆ. ನೀರು ಹಾಯಿಸಿಲ್ಲ, ಯೂರಿಯಾ ಹಾಕಿಲ್ಲ. ಕರಿನೆಲದ ಹಸಿ, ಮುಂಜಾವಿನ ಇಬ್ಬನಿ, ಅಷ್ಟರಲ್ಲೇ ಗಿಡ ಕಾಯಿ ಹಿಡಿದಿತ್ತು. ಎಲೆ ಸವರಿ ಬೆರಳು ನಾಲಿಗೆಗೆ ಇಟ್ಟರೆ ಹುಳಿ. ಹಿಂದೆ ಹೆಂಗಸರು ನಸುಕಿನಲ್ಲಿ ಬಟ್ಟೆ ಹಾಸಿ ಆ ಹುಳಿ ಹಿಂಡಿ ಸೀಸೆ ತುಂಬುತ್ತಿದ್ದರಂತೆ, ಹೊಟ್ಟೆನೋವಿಗೆ.

ಒಂದು ಗಿಡ ಕಿತ್ತು ಮಣ್ಣು ಕೊಡವಿದರು. ಬೇರಿನ ತುಂಬ ಸಣ್ಣ ಗಂಟುಗಳು. ಒಂದನ್ನು ಉಗುರಿನಿಂದ ಒಡೆದರು. ಒಳಗೆ ನಸುಗೆಂಪು.

‘ಗೊಬ್ಬರ ಇದರಾಗ ಐತ್ರಿ. ನಮ್ಮಪ್ಪ ಹೇಳತಿದ್ದ. ನಾವ ಮರತಿದ್ದಿವಿ’ ಎಂದರು. ಮುಂಗಾರಿಗೆ ಒಂದು ಎಕರೆಗೆ ಅಕ್ಕಡಿಯಾಗಿ ತೊಗರಿ ಹಾಕುವ ಯೋಚನೆ ಅವರದು. ಪೂರ್ತಿ ಗೋವಿನಜೋಳ ಬಿಡುವ ಧೈರ್ಯ ಇಲ್ಲ. ಬಿಟ್ಟರೆ ಸಾಲ ತೀರುವುದಿಲ್ಲ. ಆರು ಚೀಲದ ಬದಲು ನಾಲ್ಕು ಸಾಕಾದೀತು.

ಹೊರ್ಮುಜ್‌ನಿಂದ ಹಾವೇರಿ ಎರಡು ಚೀಲದಷ್ಟು ದೂರವಾಯಿತು.

ಹಸಿ ಕಡಲೆಯ ಸುಲಗಾಯಿ ಬಿಡಿಸಿ ಕೈಗೆ ಹಾಕುತ್ತ ಅವರು ಮತ್ತೆ ಕೇಳಿದರು: ‘ಆ ಯುದ್ಧ ಮುಗೀತೇನ್ರಿ?’

ಒಂದು ನಿಂತಿದೆ, ಇನ್ನೊಂದು ನಡೆದೇ ಇದೆ ಎಂದೆ.

ಅವರು ನಕ್ಕು ಕಾಲಿನತ್ತ ನೋಡಿಕೊಂಡರು. ‘ಹಂಗಾರ ಈ ಚಪ್ಲಿ ಒಗೀಬಾರದು ಬಿಡ್ರಿ. ಪಾಳಿಗೆ ಬೇಕಾಕ್ಕಾವು.’